ದೊಡ್ಡ ಕ್ಯಾಮ್ ಯಾರಿಗೆ?

ಎಂಜಿನ್ನಿನ ವಾಲ್ವುಗಳು ಯಾವಾಗ, ಎಷ್ಟು ಹೊತ್ತು ತೆರೆದಿರಬೇಕೆಂದು ನಿರ್ಧರಿಸುವುದು ಕ್ಯಾಮ್‌ಶಾಫ್ಟ್. 1967ರ ಮಾದರಿಯಾಗಿ ಅಮೆರಿಕದ ಷೆವರ್ಲೆ ಕಂಪನಿ ಕ್ಯಾಮರೋ ಝಡ್/28 ಕಾರನ್ನು ತಂದಿತು. ಟ್ರಾನ್ಸ್-ಆಮ್ ರೇಸಿನ ನಿಯಮದಂತೆ ಎಂಜಿನ್ 5 ಲೀಟರ್ ಮೀರುವಂತಿರಲಿಲ್ಲ. ಗಾತ್ರ ಹೆಚ್ಚಿಸಲಾಗದಿದ್ದರೆ ವೇಗವಾಗಿ ತಿರುಗಿಸಬೇಕು. ಅದಕ್ಕೆಂದೇ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ, ಎಂಜಿನಿಯರ್ ಝೋರಾ ಅರ್ಕಸ್-ಡಂಟೋವ್ ಹೆಸರಿನ ಕ್ಯಾಮ್ ಹಾಕಿದರು. ಓಟದಲ್ಲಿ ಅದು ಹುಲಿ. ನಿಂತಲ್ಲಿ ಗಡಗಡ ನಡುಗುವುದು, ನಿಧಾನ ಓಟದಲ್ಲಿ ಸೋಮಾರಿ. ಆ ಕಾರಿಗೆ ಆಟೊಮ್ಯಾಟಿಕ್ ಗೇರೂ ಇರಲಿಲ್ಲ, ಏಸಿಯೂ ಇರಲಿಲ್ಲ.

ಇಂದು ಹಳೆಯ ಕಾರಿಗೆ ಜೀವ ತುಂಬುವವರು ಆ ಗುಡುಗಿಗೆ ಮರುಳಾಗಿ ಅತಿ ದೊಡ್ಡ ಕ್ಯಾಮ್ ಹಾಕಿದರೆ, ಪವರ್ ಬ್ರೇಕಿಗೆ ಬೇಕಾದ ನಿರ್ವಾತ ಸಾಲದೆ ಪೆಡಲ್ ಕಲ್ಲಾಗಬಹುದು. ಕಾರಿನ ಭಾರ, ಗೇರು, ಓಡಿಸುವ ರಸ್ತೆ ನೋಡಿ ಆರಿಸುವುದೇ ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಂಜಿನ್ನಿಗೂ ಸಲ್ಲುತ್ತದೆ.