ಶಾಲೆಯ ಬಾಲಾಧಿಕಾರಿಗಳು

ಪ್ರತಿವರ್ಷವೂ ಮುಂಗಾರಿನೊಂದಿಗೆ ಶಾಲೆಗಳು ತೆರೆದ ಕೆಲವು ವಾರಗಳೊಳಗೆ, ದಕ್ಷಿಣ ಕನ್ನಡದ ಕಥೋಲಿಕ ಪ್ರಾಥಮಿಕ ಶಾಲೆಗಳಲ್ಲಿ, ಮಂತ್ರಿಮಂಡಲದ ರಚನೆಯೆಂಬ ಒಂದು ಸಂಭ್ರಮವು ನಡೆಯುವುದುಂಟು. ಏಳನೆಯ ತರಗತಿಯ ಬಾಲಕನೊಬ್ಬನೋ ಬಾಲಕಿಯೊಬ್ಬಳೋ ಸಹಪಾಠಿಗಳ ಮತದಿಂದ ಶಾಲಾ ನಾಯಕ ಪದವಿಗೆ ಆಯ್ಕೆಯಾಗಿ, ಉಪನಾಯಕ, ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ, ನೀರಾವರಿ ಮಂತ್ರಿ ಮೊದಲಾದ ಸಹೋದ್ಯೋಗಿಗಳೊಡನೆ, ಮುಖ್ಯೋಪಾಧ್ಯಾಯಿನಿಯವರ ಮತ್ತು ಸಂಚಾಲಕರಾದ ಧರ್ಮಗುರುಗಳ ಸಮಕ್ಷಮದಲ್ಲಿ ಪ್ರಮಾಣವಚನವನ್ನು ಉಚ್ಚರಿಸುವ ಆ ದೃಶ್ಯವು ನೋಡುವವರ ಮನಸ್ಸಿಗೆ ಮುದವನ್ನೀಯತಕ್ಕದ್ದೇ ಸರಿ. ಇದರ ಹೊರರೂಪವು ನಮ್ಮ ಪ್ರಜಾಪ್ರಭುತ್ವದಿಂದ ಎರವಲಾಗಿ ಬಂದದ್ದು. ಆದರೆ ಶಾಲೆಯ ನಿರ್ವಹಣೆಯಲ್ಲಿ ಒಂದಂಶವನ್ನು ಮಕ್ಕಳ ಕೈಗೇ ಒಪ್ಪಿಸಬೇಕೆಂಬ ಭಾವನೆಯು ಅದಕ್ಕಿಂತ ಬಹು ಪ್ರಾಚೀನವಾದುದು. ಕಥೋಲಿಕ ಪ್ರಾಥಮಿಕ ವಿದ್ಯಾಭ್ಯಾಸದಲ್ಲಿ ಅದರ ಮೂಲವನ್ನು ಅರಸುತ್ತ ಹೊರಟವನು, ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಉಣ್ಣೆಯ ನೇಯ್ಗೆಗೆ ಹೆಸರಾಗಿದ್ದ ರೀಮ್ಸ್ ನಗರದ ಬಡವರ ಕೇರಿಗಳಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಆ ನಗರದಲ್ಲಿ 1651ನೆಯ ಏಪ್ರಿಲ್ 30ರಂದು ಸಂಪನ್ನವಾದ ಕುಟುಂಬವೊಂದರಲ್ಲಿ ಜನಿಸಿದ ಝಾನ್ ಬತೀಸ್ತ್ ದ ಲಾ ಸಾಲ್ ಎಂಬವರು 1678ರಲ್ಲಿ ಗುರುದೀಕ್ಷೆಯನ್ನು ಪಡೆದು, ಪ್ರಧಾನ ದೇವಾಲಯದ ಗುರುಮಂಡಲಿಯಲ್ಲಿ ಗೌರವದ ಸ್ಥಾನವನ್ನು ಹೊಂದಿದ್ದರು. ಮರುವರ್ಷ ಆದ್ರಿಯೆನ್ ನಿಯೆಲ್ ಎಂಬ ಉಪಾಧ್ಯಾಯರೊಡನೆ ಸೇರಿ ಬಡ ಬಾಲಕರಿಗಾಗಿ ಉಚಿತ ಪಾಠಶಾಲೆಯನ್ನು ತೆರೆಯಲು ನೆರವಾದದ್ದು ಅವರ ಜೀವನದ ಗತಿಯನ್ನೇ ಬದಲಿಸಿತು. ಅಲ್ಪ ವೇತನದ, ಅಲ್ಪ ಶಿಕ್ಷಣದ ಉಪಾಧ್ಯಾಯರನ್ನು ಮೊದಲು ತಮ್ಮ ಪಂಕ್ತಿಗೆ ಕರೆದು, ಅನಂತರ ಬಂಧುಗಳ ವಿರೋಧವನ್ನೂ ಲೆಕ್ಕಿಸದೆ ತಮ್ಮ ಮನೆಗೇ ಕರೆತಂದು, ಕಡೆಗೆ 1682ರಲ್ಲಿ ಮನೆಯನ್ನೇ ತೊರೆದು ಅವರೊಡನೆ ಬೇರೊಂದು ಸಾಮಾನ್ಯ ಗೃಹದಲ್ಲಿ ನೆಲಸಿದರು. ಮುಂದಿನ ವರ್ಷ ದೇವಾಲಯದ ಸ್ಥಾನವನ್ನು ತ್ಯಜಿಸಿದರು. ಅದರ ಬೆನ್ನಿಗೇ ಬಂದ ಕ್ಷಾಮದಲ್ಲಿ ತಮ್ಮ ಸಂಪತ್ತನ್ನು ಹಸಿದವರಿಗೆ ಅನ್ನವಾಗಿ ಹಂಚಿಬಿಟ್ಟರು. ಹೀಗೆ ಹುಟ್ಟಿದ ಕ್ರೈಸ್ತ ಶಾಲೆಗಳ ಸೋದರರ ಸಂಘವು ಲ್ಯಾಟಿನ್ನನ್ನು ಬದಿಗಿರಿಸಿ, ಮಕ್ಕಳ ಮಾತೃಭಾಷೆಯಾದ ಫ್ರೆಂಚಿನಲ್ಲಿಯೇ ಓದನ್ನು ಕಲಿಸಿತು. ಒಬ್ಬೊಬ್ಬ ಹುಡುಗನನ್ನೇ ಮೇಜಿನ ಬಳಿಗೆ ಕರೆದು ಪಾಠ ಹೇಳುವ ಹಳೆಯ ರೂಢಿಯನ್ನು ಬಿಟ್ಟು, ತರಗತಿಯೆಲ್ಲಕ್ಕೂ ಏಕಕಾಲದಲ್ಲಿ ಬೋಧಿಸುವ ಕ್ರಮವನ್ನು ಸ್ಥಿರಪಡಿಸಿತು.

ಈ ಏಕಕಾಲದ ಬೋಧನೆಯೇ ಬಾಲಾಧಿಕಾರಿಗಳ ಅವಶ್ಯಕತೆಯನ್ನು ಉಂಟುಮಾಡಿತೆಂದು ನನ್ನ ಎಣಿಕೆ. ಐವತ್ತು ಅರವತ್ತು ಬಾಲಕರ ಮುಂದೆ ಒಬ್ಬನೇ ಸೋದರನು ನಿಂತಿರುವಾಗ, ಮಾತನ್ನು ಆದಷ್ಟು ಮಿತಗೊಳಿಸಿ ಮರದ ಸಣ್ಣ ಸಾಧನವೊಂದರ ಸದ್ದಿನಿಂದಲೇ ಅಪ್ಪಣೆಗಳನ್ನು ಕೊಡತಕ್ಕದ್ದೆಂಬ ನಿಯಮವೂ ಇರುವಾಗ, ಬಾಗಿಲು ತೆರೆಯುವುದು, ಗಂಟೆ ಹೊಡೆಯುವುದು, ಕಾಗದ ಹಂಚುವುದು ಮೊದಲಾದ ಸಣ್ಣ ಕಾರ್ಯಗಳನ್ನು ಯಾರಾದರೂ ವಹಿಸಿಕೊಳ್ಳಬೇಕಷ್ಟೆ. ಈ ಅನುಭವಗಳನ್ನೆಲ್ಲ ಕ್ರೋಡೀಕರಿಸಿ ದ ಲಾ ಸಾಲರು ಸೋದರರೊಡನೆ ಸಮಾಲೋಚಿಸಿ ಸಿದ್ಧಪಡಿಸಿದ, ಕ್ರೈಸ್ತ ಶಾಲೆಗಳ ನಿರ್ವಹಣೆಯನ್ನು ಕುರಿತ ಗ್ರಂಥವು 1706ರ ಹಸ್ತಪ್ರತಿಯ ರೂಪದಲ್ಲಿ ಉಳಿದು ಬಂದಿದೆ. 1719ರಲ್ಲಿ ಅವರು ದಿವಂಗತರಾದ ಮರುವರ್ಷ ಅದು ಆವಿನ್ಯೋ ನಗರದಲ್ಲಿ ಮುದ್ರಿತವಾಯಿತು. ಅದರಲ್ಲಿ ಶಾಲೆಯ ಅಧಿಕಾರಿಗಳನ್ನು ಕುರಿತ ಒಂದು ಅಧ್ಯಾಯವಿದೆ. ಆ ಅಧಿಕಾರಿಗಳೆಲ್ಲರೂ ಬಾಲಕರು. ರಜೆಯು ಮುಗಿದು ಶಾಲೆ ತೆರೆದ ಮೊದಲ ದಿನಗಳಲ್ಲಿಯೇ ಉಪಾಧ್ಯಾಯನು ಅವರನ್ನು ನೇಮಿಸತಕ್ಕದ್ದು.

ಪ್ರಾರ್ಥನೆಗಳನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿಕೊಡುವವರು, ಬಲಿಪೂಜೆಗೆ ಸಾಲಾಗಿ ಹೋದಾಗ ದೇವಾಲಯದ ಬಾಗಿಲಲ್ಲಿ ನಿಂತು, ಒಳಹೊಗುವ ಪ್ರತಿಯೊಬ್ಬನಿಗೂ ಪವಿತ್ರ ಜಲವು ದೊರೆಯುವಂತೆ ಪ್ರೋಕ್ಷಣೆಯ ಕುಂಚವನ್ನು ಹಿಡಿದಿರುವವನು, ಪುಸ್ತಕ ಓದಲಾರದ ಚಿಕ್ಕವರಿಗೆ ಜಪಸರಗಳನ್ನು ಕೊಟ್ಟು ಪೂಜೆಯಾದ ಮೇಲೆ ಮರಳಿ ತೆಗೆದುಕೊಳ್ಳುವವನು, ವೇಳೆವೇಳೆಗೆ ಗಂಟೆಯನ್ನು ಬಾರಿಸುವವನು, ಬರೆಯುವ ಕಾಗದಗಳನ್ನು ಹಂಚಿ ಪುನಃ ಸಂಗ್ರಹಿಸುವವರು, ಬಾಗಿಲನ್ನು ಕಾಯುವವನು, ತರಗತಿಯನ್ನು ಗುಡಿಸುವವನು, ಶಾಲೆಯ ಕೀಲಿಕೈಯನ್ನು ಇರಿಸಿಕೊಂಡು, ಎಲ್ಲರಿಗಿಂತಲೂ ಮೊದಲು ಬಂದು ಬಾಗಿಲು ತೆಗೆದು, ಒಳಗಿನ ವಸ್ತುಗಳಿಗೆಲ್ಲ ಹೊಣೆಯಾಗಿರುವವನು: ಹೀಗೆ ಆ ಅಧ್ಯಾಯವು ಒಬ್ಬೊಬ್ಬನ ಕರ್ತವ್ಯವನ್ನೂ, ಅದಕ್ಕೆ ಬೇಕಾದ ಗುಣವನ್ನೂ ಯಾವುದನ್ನೂ ಅಲ್ಪವೆಂದು ಬಗೆಯದ ಒಂದು ಗಾಂಭೀರ್ಯದಿಂದ ವಿವರಿಸುತ್ತದೆ. ನಮ್ಮ ದೇಶದಲ್ಲಿ ಪೊರಕೆಯು ಯಾರ ಕೈಗೆ ಹುಟ್ಟಿನಿಂದಲೇ ಕಟ್ಟಿಬಿದ್ದಿತ್ತೆಂಬುದನ್ನು ಬಲ್ಲ ನಾವು, ಪ್ರಾರ್ಥನೆ ಹೇಳಿಕೊಡುವವನೂ ಕಸ ಗುಡಿಸುವವನೂ ಒಂದೇ ಪಟ್ಟಿಯಲ್ಲಿ, ಒಂದೇ ಹೆಸರಿನ ಅಧಿಕಾರಿಗಳಾಗಿ ಕುಳಿತಿರುವುದನ್ನು ಲಕ್ಷ್ಯವಿಟ್ಟು ನೋಡಬೇಕು. ಪೊರಕೆಯನ್ನು ಹಿಡಿಯುವುದು ಅಲ್ಲಿ ಶಿಕ್ಷೆಯಾಗಿರಲಿಲ್ಲ. ನಂಬಿಕೆಯಿಟ್ಟು ಕೊಟ್ಟ ಉದ್ಯೋಗವಾಗಿದ್ದಿತು.

ಇನ್ನೊಬ್ಬ ಅಧಿಕಾರಿಯು ನನಗೆ ವಿಶೇಷವಾಗಿ ಪ್ರಿಯನಾದವನು. ಬಾಲಕರು ಬೆಳಗಿನ ಉಪಾಹಾರವನ್ನು ಶಾಲೆಯಲ್ಲಿಯೇ ತೆಗೆದುಕೊಳ್ಳುತ್ತಿದ್ದರು. ಮನೆಯಿಂದ ತಂದ ರೊಟ್ಟಿಯಲ್ಲಿ ಮಿಕ್ಕುದನ್ನು ಕೊಡಬಲ್ಲವರಿಂದ ಒಬ್ಬ ಹುಡುಗನು ಬುಟ್ಟಿಯಲ್ಲಿ ಕೂಡಿಸುತ್ತಿದ್ದನು. ಉಪಾಧ್ಯಾಯನು ಅದನ್ನು ಏನನ್ನೂ ತರಲಾರದ ಮಕ್ಕಳಿಗೆ ಹಂಚುತ್ತಿದ್ದನು. ಬಡವರ ಶಾಲೆಯಲ್ಲಿ ಇನ್ನೂ ಬಡವರಾದವರನ್ನು ಮರೆಯಬಾರದೆಂಬುದಕ್ಕಾಗಿ ಒಂದು ಪದವಿಯನ್ನೇ ನಿರ್ಮಿಸಿದ ಆ ಮನಸ್ಸಿಗೆ ನಾವು ತಲೆಬಾಗಬೇಕು.

ಗೈರುಹಾಜರಾದವರನ್ನು ಸಂದರ್ಶಿಸುವ ಬಾಲಕರ ಪದವಿಯಾದರೋ ಇವೆಲ್ಲಕ್ಕಿಂತಲೂ ಶ್ರೇಷ್ಠವಾದುದು. ಪ್ರತಿ ತರಗತಿಯಲ್ಲಿ ಇಬ್ಬರು ಮೂವರು ಹುಡುಗರಿಗೆ ನಗರದ ಬೀದಿಗಳನ್ನು ಹಂಚಿಕೊಟ್ಟಿರುತ್ತಿದ್ದರು. ತಮ್ಮ ಬೀದಿಗಳ ಯಾವನಾದರೂ ಶಾಲೆಗೆ ಬಾರದಿದ್ದಲ್ಲಿ ಅವನ ಮನೆಗೆ ಹೋಗಿ ಕಾರಣವನ್ನು ವಿಚಾರಿಸುವುದು, ರೋಗದಿಂದ ಮಲಗಿದ್ದರೆ ಹತ್ತಿರ ಕುಳಿತು ಸಮಾಧಾನವನ್ನು ಹೇಳುವುದು, ತಿಳಿದ ಸಂಗತಿಯನ್ನು ಉಪಾಧ್ಯಾಯನಿಗೆ ಯಥಾವತ್ತಾಗಿ ಅರಿಕೆ ಮಾಡುವುದು ಇವರ ಕರ್ತವ್ಯ. ಬಡ ತಂದೆತಾಯಿಗಳು ಓದಿನ ಬೆಲೆಯನ್ನರಿಯದೆಯೋ, ದಿನದ ಕೂಲಿಯ ಆಸೆಯಿಂದಲೋ ಮಕ್ಕಳನ್ನು ಬಿಡಿಸಿಬಿಡುತ್ತಾರೆಂಬುದನ್ನು ದ ಲಾ ಸಾಲರ ಗ್ರಂಥವು ದೀರ್ಘವಾಗಿ ಚರ್ಚಿಸಿ, ಅಂಥ ಕುಟುಂಬಗಳೊಡನೆ ಹೇಗೆ ವ್ಯವಹರಿಸಬೇಕೆಂಬುದನ್ನು ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಒಂದು ಗೀಟೆಳೆದು ಮುಂದೆ ಹೋಗುವುದಕ್ಕೂ, ಜೊತೆಯವನೊಬ್ಬನು ಬಾಗಿಲಿಗೆ ಬಂದು "ನೀನೇಕೆ ಬರಲಿಲ್ಲ?" ಎಂದು ಕೇಳುವುದಕ್ಕೂ ಇರುವ ಅಂತರವನ್ನು ಆ ಸೋದರರು ಮುನ್ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

ಎಲ್ಲವನ್ನೂ ಹೊಗಳಲಾಗದು. ಉಪಾಧ್ಯಾಯನು ಇಲ್ಲದ ವೇಳೆಯಲ್ಲಿ ತರಗತಿಯನ್ನು ನೋಡಿಕೊಳ್ಳಲು ಒಬ್ಬ ವೀಕ್ಷಕನೂ, ಆ ವೀಕ್ಷಕನು ನ್ಯಾಯವಾಗಿ ನಡೆದುಕೊಳ್ಳುತ್ತಿರುವನೇ ಎಂಬುದನ್ನು ಗಮನಿಸಲು ಬೇರೆ ಇಬ್ಬರೂ ಇರುತ್ತಿದ್ದರು. ವೀಕ್ಷಕನು ಯಾರನ್ನೂ ಹೊಡೆಯಕೂಡದು, ಬೆದರಿಸಕೂಡದು. ತಾನೇ ಮೌನವಾಗಿ ಕುಳಿತು ಮಾದರಿಯಾಗಬೇಕು. ಕಂಡದ್ದನ್ನು ಕಂಡಂತೆ ಉಪಾಧ್ಯಾಯನಿಗೆ ತಿಳಿಸಬೇಕು. ಅಧಿಕಾರಕ್ಕೆ ಮಿತಿಯನ್ನು ಹಾಕಿದ ವಿವೇಕವು ಮೆಚ್ಚತಕ್ಕದ್ದಾದರೂ, ಮಕ್ಕಳ ಮೇಲೆ ಮಕ್ಕಳನ್ನು, ಅವರ ಮೇಲೆ ಮತ್ತೆ ಮಕ್ಕಳನ್ನು ಕಾವಲಿರಿಸುವುದು ಸ್ನೇಹದ ಬೇರನ್ನೇ ಕೊರೆಯುವ ಕಾರ್ಯವೆಂದು ನಾನು ಭಾವಿಸುತ್ತೇನೆ. ಆ ಕಾಲದ ಶಾಲೆಯು ನಿಶ್ಶಬ್ದತೆಗೆ ಕೊಟ್ಟ ಬೆಲೆ ಅತಿಯಾಯಿತು. ಈ ಪದವಿಯು ಆ ಅತಿಯ ಫಲ.

ಕಥೋಲಿಕ ಶಾಲೆಗಳಲ್ಲಿ ಇದಕ್ಕೂ ಹಿಂದಿನ ಇನ್ನೊಂದು ಪರಂಪರೆಯುಂಟು. ಯೇಸುಸಭೆಯ ಗುರುಗಳು 1599ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನ ನಿಯಮಾವಳಿಯಲ್ಲಿ, ಸಹಪಾಠಿಗಳ ಕಂಠಪಾಠವನ್ನು ಕೇಳಿ ಗುರುತು ಹಾಕಿಕೊಳ್ಳುವ, ಬರೆದ ಹಾಳೆಗಳನ್ನು ಕೂಡಿಸುವ ವಿದ್ಯಾರ್ಥಿಗಳಿಗೆ ರೋಮನ್ ಸೈನ್ಯದ ದೆಕುರಿಯೊ ಎಂಬ ಹೆಸರನ್ನಿತ್ತರು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ನಡೆಯುವ ಲೇಖನ ಪರೀಕ್ಷೆಯಲ್ಲಿ ಉತ್ತಮವಾಗಿ ಬರೆದವರಿಗೆ ಗ್ರೀಕ್ ಅಥವಾ ರೋಮನ್ ರಾಜ್ಯಾಡಳಿತದ, ಸೈನ್ಯದ ಪದವಿಗಳನ್ನು ಹಂಚಿದರು. ಆದರೆ ಅವು ಲ್ಯಾಟಿನ್ ಕಲಿಯುವ, ಮೇಲಿನ ಹಂತದ ವಿದ್ಯಾಲಯಗಳು. ಪದವಿಯು ಅಲ್ಲಿ ಜಾಣ್ಮೆಗೆ ಸಲ್ಲುವ ಪುರಸ್ಕಾರ. ರೀಮ್ಸಿನ ಶಾಲೆಯಲ್ಲಿ ಅದು ಮಾಡತಕ್ಕ ಒಂದು ಕೆಲಸ. ಈ ಎರಡು ಭಾವನೆಗಳೂ ಇಂದಿನವರೆಗೆ ಶಾಲೆಗಳಲ್ಲಿ ಅಕ್ಕಪಕ್ಕದಲ್ಲಿ ಬದುಕಿವೆ. ಪ್ರಾಥಮಿಕ ಶಾಲೆಗೆ ಯೋಗ್ಯವಾದುದು ಎರಡನೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮೂರನೆಯ ಧಾರೆಯೊಂದು ನಮ್ಮ ನಾಡಿನಿಂದಲೇ ಹೊರಟಿತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಆಶ್ರಮವನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಆಂಗ್ಲಿಕನ್ ಪಾದ್ರಿಯು, ದೇಶೀಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ಅದನ್ನೇ ತಮ್ಮಲ್ಲಿ ನಡೆಸಲೆಳಸಿದಾಗ ಉಪಾಧ್ಯಾಯರು ಒಪ್ಪದಿರಲು, ಸೈನಿಕನೊಬ್ಬನ ಮಗನಾದ ಎಂಟು ವರ್ಷದ ಬಾಲಕನಿಗೆ ಅಕ್ಷರಾಭ್ಯಾಸದ ತರಗತಿಯನ್ನು ಒಪ್ಪಿಸಿದರು. ಅಲ್ಲಿಂದ ಮುಂದೆ ಹಿರಿಯ ಬಾಲಕರೇ ಕಿರಿಯರಿಗೆ ಕಲಿಸುವ ಪದ್ಧತಿಯು, 1797ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಮೂಲಕ ಮದರಾಸು ಪದ್ಧತಿಯೆಂದೇ ಹೆಸರಾಗಿ ಐರೋಪ್ಯ ದೇಶಗಳಿಗೆ ಹರಡಿತು. ನಮ್ಮ ದೇಶೀಯ ಶಾಲೆಗಳಾದ ಕೂಲಿಮಠಗಳಿಗೆ ಇದು ಹೊಸದಾಗಿರಲಿಲ್ಲ. ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ ಅವರು 1823ರಲ್ಲಿ ತಮ್ಮ ಜಿಲ್ಲೆಯ 533 ಶಾಲೆಗಳನ್ನು ಕುರಿತು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ, ಕೆಳಗಿನ ತರಗತಿಗಳ ಮಕ್ಕಳನ್ನು ಹಿರಿಯ ವಿದ್ಯಾರ್ಥಿಗಳ ವಶದಲ್ಲಿರಿಸುವ ಕ್ರಮವನ್ನು ವರ್ಣಿಸಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯುಕ್ತವೇ ಎಂದು ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾರೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂಬ ಸುಂದರವಾದ ಸಂಗತಿಯನ್ನು ನಮಗಾಗಿ ಉಳಿಸಿದ್ದೂ ಅದೇ ವರದಿ.

ಈ ಮದರಾಸು ಪದ್ಧತಿಯು 1815ರ ಅನಂತರ ಫ್ರಾನ್ಸನ್ನು ಪ್ರವೇಶಿಸಿದಾಗ ಅದನ್ನು ಒಪ್ಪದೆ ನಿಂತವರು ದ ಲಾ ಸಾಲರ ಸೋದರರೇ ಎಂಬುದು ಗಮನಾರ್ಹ. ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಅವರ ಸಂಘವು ರದ್ದಾಗಿ ಚದುರಿಹೋಗಿ, ನೆಪೋಲಿಯನ್ನನ ಆಳ್ವಿಕೆಯಲ್ಲಿ ಮತ್ತೆ ತಲೆಯೆತ್ತಿದ್ದಿತು. ಒಬ್ಬನೇ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಅಗ್ಗವಾಗಿ ಪಾಠ ಹೇಳಿಸಬಹುದೆಂಬ ಹೊಸ ಪದ್ಧತಿಯನ್ನು ಉದಾರವಾದಿಗಳು ಎತ್ತಿಹಿಡಿದರೆ, ಸೋದರರು ಬೋಧನೆಯು ಉಪಾಧ್ಯಾಯನದೇ ಎಂಬ ತಮ್ಮ ಕ್ರಮವನ್ನು ಬಿಡಲಿಲ್ಲ. ಇದರಲ್ಲಿ ಪಕ್ಷರಾಜಕೀಯದ ಅಂಶವೂ ಬೇಕಾದಷ್ಟಿದ್ದಿತು. ಆದರೂ ಅವರು ಎಳೆದ ಗೆರೆಯು ಸ್ಪಷ್ಟವಾದುದು: ಕೀಲಿಕೈ, ಗಂಟೆ, ಪೊರಕೆ, ಪ್ರಾರ್ಥನೆ, ರೋಗಿಯ ಸಂದರ್ಶನ ಇವು ಬಾಲಕನವು, ಪಾಠವೂ ದಂಡನೆಯೂ ಬಾಲಕನವಲ್ಲ.

ಕನ್ನಡ ಕರಾವಳಿಗೆ ಈ ಸಂಪ್ರದಾಯಗಳು ಒಂದೇ ಕೈಯಿಂದ ಬಂದವುಗಳಲ್ಲ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಸಂತ ಆನ್ನರ ಹೆಸರಿನಲ್ಲಿ ಬಾಲಕಿಯರ ಶಾಲೆಯನ್ನಾರಂಭಿಸಿದರು. ಯೇಸುಸಭೆಯ ಗುರುಗಳು 1878ರ ಕಡೆಯ ದಿನ ಅಲ್ಲಿಗೆ ಬಂದಿಳಿದು 1880ರಲ್ಲಿ ಸಂತ ಅಲೋಶಿಯಸ್ ವಿದ್ಯಾಲಯವನ್ನು ತೆರೆದರು. ಬ್ರಿಟಿಷ್ ಆಳ್ವಿಕೆಯ ವಿದ್ಯಾಶಾಖೆಯೊಡನೆ ಇಂಗ್ಲೆಂಡಿನ ಶಾಲೆಗಳ ಮಾದರಿಯೂ ಬಂತು. ರಗ್ಬಿ ಶಾಲೆಯಲ್ಲಿ 1828ರಿಂದ 1842ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಲ್ಡರು ಹಿರಿಯ ವಿದ್ಯಾರ್ಥಿಗಳಿಗೆ ದಂಡನಾಧಿಕಾರವನ್ನೂ ಸೇರಿಸಿ ದೊಡ್ಡ ಹೊಣೆಯನ್ನು ಕೊಟ್ಟಿದ್ದರು. ಪ್ರಿಫೆಕ್ಟ್, ಕ್ಯಾಪ್ಟನ್, ಹೌಸ್ ಎಂಬ ಹೆಸರುಗಳು ಆಂಗ್ಲ ಮಾಧ್ಯಮದ ಕಾನ್ವೆಂಟುಗಳಲ್ಲಿ ಬೇರೂರಿದವು. ಸ್ವಾತಂತ್ರ್ಯವು ಬಂದ ಮೇಲೆ ಕನ್ನಡ ಶಾಲೆಗಳಲ್ಲಿ ಅವುಗಳ ಸ್ಥಾನದಲ್ಲಿ ನಾಯಕನೂ ಮಂತ್ರಿಗಳೂ, ಕೆಲವೆಡೆ ವಿರೋಧಪಕ್ಷದ ನಾಯಕನೂ ಬಂದು ಕುಳಿತರು.

ಚುನಾವಣೆಯ ಪಾಠವನ್ನು ಬಾಲ್ಯದಲ್ಲಿಯೇ ಕಲಿಯುವುದು ಒಳ್ಳೆಯದು. ಅದನ್ನು ನಾನು ಹೀಗಳೆಯಲಾರೆ. ಆದರೆ ಮತವು ಸಾಮಾನ್ಯವಾಗಿ ಹೋಗುವುದು ಮೊದಲೇ ಧೈರ್ಯವುಳ್ಳವನಿಗೆ, ಮೊದಲೇ ಮಾತು ಬಲ್ಲವಳಿಗೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವಿಗೆ ವರ್ಷವಿಡೀ ಯಾವ ಪದವಿಯೂ ಬಾರದು. ದ ಲಾ ಸಾಲರ ಒಂದು ಶಾಲೆಯಲ್ಲಿ ಹತ್ತಕ್ಕೂ ಮಿಕ್ಕ ಬಗೆಯ ಉದ್ಯೋಗಗಳಿದ್ದು, ನೇಮಿಸುವವನು ಮಕ್ಕಳ ಗುಣವನ್ನು ಬಲ್ಲ ಉಪಾಧ್ಯಾಯನಾದುದರಿಂದ, ಗಟ್ಟಿ ಕಂಠದವನಿಗೆ ಪ್ರಾರ್ಥನೆಯೂ, ಹೊತ್ತು ತಪ್ಪದವನಿಗೆ ಕೀಲಿಕೈಯೂ, ಮೃದು ಹೃದಯದವನಿಗೆ ರೋಗಿಯ ಹಾಸಿಗೆಯ ಬದಿಯೂ ದೊರೆಯಬಹುದಾಗಿತ್ತು. ಇಂದು ಪಟ್ಟಿಯನ್ನು ಎದೆಗೆ ಧರಿಸಿದ ಮಂತ್ರಿಗಳಲ್ಲಿ ಎಷ್ಟೋ ಮಂದಿಗೆ ಆ ದಿನದ ಮೆರವಣಿಗೆಯ ತರುವಾಯ ಮಾಡತಕ್ಕ ಕೆಲಸವೇ ಇರುವುದಿಲ್ಲ. ಇದು ನಷ್ಟವೆಂದೇ ನನ್ನ ತೀರ್ಮಾನ.

ಕಥೋಲಿಕ ಸಭೆಯು ದ ಲಾ ಸಾಲರನ್ನು 1900ರಲ್ಲಿ ಸಂತರೆಂದು ಸಾರಿ, 1950ರಲ್ಲಿ ಉಪಾಧ್ಯಾಯರೆಲ್ಲರ ಪಾಲಕ ಸಂತರೆಂದು ಘೋಷಿಸಿತು. ಅವರ ಚಿತ್ರವನ್ನು ಗೋಡೆಗೆ ತೂಗಿಸಿರುವ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಹಾಗೆಯೇ ಇತರ ಎಲ್ಲ ಶಾಲೆಗಳ ಹಿರಿಯರಲ್ಲಿ ನನ್ನದೊಂದು ಬಿನ್ನಹವಿದೆ. ಮತದಾನವೂ ಪ್ರಮಾಣವಚನವೂ ಇರಲಿ. ಆದರೆ ಮುಂದಿನ ಜೂನ್ ತಿಂಗಳಲ್ಲಿ ಮಂತ್ರಿಮಂಡಲವನ್ನು ರಚಿಸುವಾಗ, ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸಿ ಬರಲು ಅದೇ ಬೀದಿಯ ಇಬ್ಬರು ಮಕ್ಕಳನ್ನು ಪ್ರತಿ ತರಗತಿಯಲ್ಲೂ ನೇಮಿಸಿರಿ. ಆ ನೇಮಕವನ್ನು ಈವರೆಗೆ ಯಾವ ಪದವಿಯೂ ದೊರೆಯದ ಮಕ್ಕಳಿಗೇ ಮೊದಲು ಕೊಡಿರಿ.