ಸೂಟಿಯ ಮಾತು: ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಮತ್ತು ನಮ್ಮ ಕಡೆಯ ಸೈಬರ್ ಕೆಫೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಶಾಲೆಯ ರಜೆಗೆ ‘ಸೂಟಿ’ ಎನ್ನುತ್ತಾರೆ. ಪಕ್ಕದ ಮರಾಠಿಯಿಂದ ಬಂದು ನಮ್ಮದೇ ಆಗಿಬಿಟ್ಟ ಮಾತು. ವರ್ಷಕ್ಕೆ ದೊಡ್ಡ ಸೂಟಿ ಎರಡು. ಅಕ್ಟೋಬರಿನಲ್ಲಿ ದಸರಾ-ದೀಪಾವಳಿಯ ಆಸುಪಾಸು ಒಂದು, ಏಪ್ರಿಲ್-ಮೇ ತಿಂಗಳ ಬ್ಯಾಸಗಿ ಸೂಟಿ ಇನ್ನೊಂದು. ಚಿಣಿಪಣಿ, ಬುಗುರಿ, ಹಬ್ಬದ ಪಗಡಿ, ಸಂಜೆಯ ಟೆನಿಸ್ ಬಾಲ್ ಕ್ರಿಕೆಟ್ ಎಲ್ಲವೂ ಈ ಸೂಟಿಗಳ ಲೆಕ್ಕಕ್ಕೇ ಸೇರಿದವು. ಈ ಪಟ್ಟಿಗೆ 2000ದ ಆಸುಪಾಸಿನಲ್ಲಿ ಇನ್ನೊಂದು ಆಟ ಸೇರಿಕೊಂಡಿತು. ಅದನ್ನು ಆಡಿದವರು ಇಂದು ಮೂವತ್ತೈದು-ನಲವತ್ತರ ಹರೆಯದವರು. ಅದರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಹುಡುಗರು ಹಾಳಾದರು ಎಂಬ ದೂರಷ್ಟೇ ಆಗೀಗ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿದೆ.

ಆಟದ ಜತೆಗೇ ಒಂದು ಮಾತುಕತೆಯೂ ಹುಟ್ಟಿತ್ತು. ಕೆಫೆಯ ಕಟ್ಟೆಯ ಮೇಲೆ, ಚಹಾದಂಗಡಿಯ ಮುಂದೆ, ಊರಿನ ಜಾತ್ರೆಯಲ್ಲಿ ಅದು ಹೀಗೆ ಸಾಗುತ್ತಿತ್ತು:

“ನಿಂದು ಬೋರ್ಡ್ ಯಾವುದಲೇ?”

“ಏಯ್ಟ್ ಫಾರ್ಟಿಫೈವ್.”

“ರ‍್ಯಾಮ್ ಎಷ್ಟೈತಿ?”

“ಒಂದು ಇಪ್ಪತ್ತೆಂಟು. ಎರಡನೂರಾ ಐವತ್ತಾರು ಮಾಡಸ್ರಿ ಅಂತ ನಮ್ಮಪ್ಪಗ ಹೇಳೇನಿ.”

“ಹಂಗಾರ ವೈಸ್ ಸಿಟಿ ಓಡತೈತಿ ತಗೋ. ಆದ್ರ ಜರ್ಕ್ ಹೊಡಿತೈತಿ.”

ನಮ್ಮ ಕಡೆಯ ಒಂದು ತಲೆಮಾರಿಗೆ ಕಂಪ್ಯೂಟರಿನ ನಿಜವಾದ ಪಾಠಶಾಲೆ ಈ ಹರಟೆಯೇ ಆಗಿತ್ತು. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಯಂತ್ರ ಇಲ್ಲಿಗೆ ಬಂದ ದಾರಿಯನ್ನು ನೋಡಬೇಕು.

1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿಯನ್ನು ಪ್ರಕಟಿಸಿತು. ಆಮದಿನ ಕಟ್ಟುಪಾಡು ಸಡಿಲವಾಯಿತು, ಸುಂಕ ಇಳಿಯಿತು. 1991ರ ಉದಾರೀಕರಣ ಬಾಗಿಲನ್ನು ಮತ್ತಷ್ಟು ತೆರೆಯಿತು. ಆದರೆ ಮನೆಬಳಕೆದಾರನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಮಾಹಿತಿ ತಂತ್ರಜ್ಞಾನ ಒಪ್ಪಂದ. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ರೂಪುಗೊಂಡ ಈ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತು. ಕಂಪ್ಯೂಟರ್ ಮತ್ತು ಬಿಡಿಭಾಗಗಳ ಮೇಲಿನ ಸುಂಕವನ್ನು ಹಂತಹಂತವಾಗಿ ಇಳಿಸಿ 2005ರ ಹೊತ್ತಿಗೆ ಸೊನ್ನೆಗೆ ತರಬೇಕಿತ್ತು. ಬಿಜಾಪುರ ಜಿಲ್ಲೆಯಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೂ ಅದೇ 1997ರಲ್ಲಿ. ಹೊಸ ಜಿಲ್ಲೆಯೂ ಅಗ್ಗದ ಕಂಪ್ಯೂಟರೂ ಒಟ್ಟಿಗೇ ಬೆಳೆದವು ಎನ್ನಬಹುದು.

ಅಗ್ಗ ಎಂದರೂ ಕಂಪನಿಯ ಹೆಸರಿದ್ದ ಯಂತ್ರ ಇಲ್ಲಿನ ಮಾಸ್ತರರಿಗೆ, ಸಣ್ಣ ವ್ಯಾಪಾರಿಗೆ, ಕಬ್ಬಿನ ಬಿಲ್ಲಿಗೆ ಕಾಯುವ ರೈತನಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಬಂದದ್ದು ‘ಅಸೆಂಬಲ್ಡ್’. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಂಥ ಪೇಟೆಗಳಿಗೆ ಬಂದಿಳಿದ ಭಾಗಗಳು ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಅಂಗಡಿಗಳ ಮೂಲಕ ತಾಲ್ಲೂಕು ಊರುಗಳನ್ನು ಸೇರುತ್ತಿದ್ದವು. ಅಂಗಡಿಯವನು ಕೊಡುತ್ತಿದ್ದ ಕೊಟೇಶನ್ನಿನಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಮಾನಿಟರ್ ಪ್ರತಿಯೊಂದಕ್ಕೂ ಬೇರೆಬೇರೆ ಬೆಲೆ. ಅದನ್ನು ಮುಂದಿಟ್ಟುಕೊಂಡು ಅಪ್ಪ-ಮಗ ಚೌಕಾಶಿಗೆ ಕೂತಾಗ ಯಾವುದಕ್ಕೆ ಯಾವುದು ಯಾಕೆ ಬೇಕು ಎಂದು ಮಗ ವಿವರಿಸಲೇಬೇಕಾಗುತ್ತಿತ್ತು. ಕಾರಣ ಮಾತ್ರ ಯಾವಾಗಲೂ ಒಂದೇ: “ಓದಾಕ ಬೇಕರಿ.” ಗ್ರಾಫಿಕ್ಸ್ ಕಾರ್ಡ್ ಓದಿಗೆ ಯಾಕೆ ಬೇಕು ಎಂಬುದನ್ನು ಹೇಳುವುದೇ ಕಷ್ಟದ ಕೆಲಸ. ಪಟ್ಟಿಯಿಂದ ಮೊದಲು ಕೈಬಿಟ್ಟುಹೋಗುತ್ತಿದ್ದದ್ದೂ ಅದೇ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಬಹುಪಾಲು ಹುಡುಗರಿಗೆ ಸೈಬರ್ ಕೆಫೆಯೇ ಗತಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಆ ಬಳಿಕ ಎಸ್‌ಟಿಡಿ ಬೂತ್, ಝೆರಾಕ್ಸ್ ಅಂಗಡಿಗಳ ಒಳಗೊಂದು ಪ್ಲೈವುಡ್ ಗೋಡೆ ಎದ್ದು, ನಾಲ್ಕೈದು ಯಂತ್ರ ಕೂತು, ಹೊರಗೆ ‘ಸೈಬರ್’ ಎಂಬ ಬೋರ್ಡು ಬಿತ್ತು. ಫೋನಿನ ತಂತಿಯ ಮೇಲೆ ಬರುತ್ತಿದ್ದ ಇಂಟರ್ನೆಟ್ಟಿನಲ್ಲಿ ಒಂದು ಇಮೇಲ್ ತೆರೆಯುವುದೇ ಸಾಹಸ. ಪರೀಕ್ಷೆಯ ಫಲಿತಾಂಶ, ಸಿಇಟಿ ಅರ್ಜಿಯ ದಿನಗಳನ್ನು ಬಿಟ್ಟರೆ ಗಿರಾಕಿ ಕಡಿಮೆ. ಅಂಗಡಿಯ ಬಾಡಿಗೆ ಕಟ್ಟಿದ್ದು ಆಟ. ಯಂತ್ರಗಳ ನಡುವೆ ಒಂದು ಹಬ್ ಇಟ್ಟು ಕೇಬಲ್ ಎಳೆದರೆ ಸಾಕು, ಇಂಟರ್ನೆಟ್ ಇಲ್ಲದೆಯೂ ಐದಾರು ಜನ ಒಂದೇ ಆಟದೊಳಗೆ ಇಳಿಯಬಹುದು. ಗಂಟೆಗೆ ಹತ್ತು-ಇಪ್ಪತ್ತು ರೂಪಾಯಿ. ಸೂಟಿಯಲ್ಲಿ ಒಬ್ಬ ಆಡಿದರೆ ಹಿಂದೆ ನಿಂತು ನೋಡುವವರು ಮೂವರು. ಹಾಗೆ ನಿಂತವರು ದುಡ್ಡು ಕೊಡದೆಯೇ ಅರ್ಧ ಆಟ ಕಲಿಯುತ್ತಿದ್ದರು.

ಯಾವ ಆಟಗಳು? ಡೇವ್, ಮೊದಲ ಪ್ರಿನ್ಸ್ ಆಫ್ ಪರ್ಷಿಯಾಗಳಂಥ ಹಳೆಯವು ಕಂಪ್ಯೂಟರ್ ಕ್ಲಾಸುಗಳ ಯಂತ್ರದಲ್ಲಿ ಮೊದಲಿನಿಂದಲೂ ಇದ್ದವು. 1996ರಲ್ಲಿ ವಿಂಡೋಸ್‌ಗೆ ಬಂದ ರೋಡ್ ರ‍್ಯಾಶ್, 2000ದ ಪ್ರಾಜೆಕ್ಟ್ ಐಜಿಐ, ಅದೇ ವರ್ಷ ಅಂಗಡಿಗೆ ಬಂದ ಕೌಂಟರ್ ಸ್ಟ್ರೈಕ್, 2003ರ ಜಿಟಿಎ ವೈಸ್ ಸಿಟಿ ಆಮೇಲಿನವು. ಇವು ಗೆದ್ದದ್ದು ಚೆನ್ನಾಗಿದ್ದವೆಂಬ ಒಂದೇ ಕಾರಣಕ್ಕಲ್ಲ, ಬಡ ಯಂತ್ರದಲ್ಲೂ ಓಡುತ್ತಿದ್ದವು ಎಂಬ ಕಾರಣಕ್ಕೂ ಹೌದು. ವೈಸ್ ಸಿಟಿ ಕೇಳುತ್ತಿದ್ದದ್ದು 800 ಮೆಗಾಹರ್ಟ್ಸ್ ಪ್ರೊಸೆಸರ್, 128 ಎಂಬಿ ರ‍್ಯಾಮ್, 32 ಎಂಬಿ ಗ್ರಾಫಿಕ್ಸ್. ಕೌಂಟರ್ ಸ್ಟ್ರೈಕ್ 1.6ಕ್ಕೆ ಅದಕ್ಕಿಂತಲೂ ಕಡಿಮೆ ಸಾಕು. ನಮ್ಮ ಕಡೆಯ ಆಟಗಳ ಪಟ್ಟಿಯನ್ನು ತಯಾರಿಸಿದ್ದು ಆಯ್ಕೆಗಿಂತ ಹೆಚ್ಚಾಗಿ ಮದರ್‌ಬೋರ್ಡು.

ಇಂಟೆಲ್ 2002ರಲ್ಲಿ ತಂದ 845ಜಿ ಚಿಪ್‌ಸೆಟ್ಟಿನಲ್ಲಿ ಗ್ರಾಫಿಕ್ಸ್ ಬೋರ್ಡಿನಲ್ಲೇ ಸೇರಿತ್ತು. ಬೇರೆ ಕಾರ್ಡಿನ ಖರ್ಚಿಲ್ಲ ಎಂದು ಅಪ್ಪಂದಿರಿಗೆ ಸಮಾಧಾನ. ಆದರೆ ಆ ಗ್ರಾಫಿಕ್ಸ್ ತನಗೆ ಬೇಕಾದ ಮೆಮೊರಿಯನ್ನು ಇದ್ದ ರ‍್ಯಾಮಿನಿಂದಲೇ ಕಡ ತೆಗೆದುಕೊಳ್ಳುತ್ತಿತ್ತು. 128 ಎಂಬಿಯಲ್ಲಿ ಒಂದು ಪಾಲು ಹಾಗೆ ಹೋದರೆ ಆಟ ಕುಂಟುವುದು ಸಹಜ. ‘ಜರ್ಕ್ ಯಾಕ ಹೊಡಿತೈತಿ’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ಹುಡುಗನಿಗೆ ಕಂಪ್ಯೂಟರಿನ ಒಳರಚನೆಯೇ ಪರಿಚಯವಾಗುತ್ತಿತ್ತು. ಜಿಫೋರ್ಸ್ 4 ಎಂಎಕ್ಸ್ ಕಾರ್ಡಿನ ಪಾಠವೂ ಇಂಥದ್ದೇ. ಹೆಸರಿನಲ್ಲಿ ನಾಲ್ಕು ಇದ್ದರೂ ಒಳಗಿನದು ಹಳೆಯ ಜಿಫೋರ್ಸ್ 2ರ ವಂಶ. ಹೊಸ ಆಟಗಳು ಕೇಳುತ್ತಿದ್ದ ಪಿಕ್ಸೆಲ್ ಶೇಡರ್ ಅದರಲ್ಲಿರಲಿಲ್ಲ. ಹೀಗಾಗಿ 2003ರ ‘ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್’ ಆ ಕಾರ್ಡಿನವರಿಗೆ ದಕ್ಕಲಿಲ್ಲ. ಡಬ್ಬಿಯ ಮೇಲಿನ ಅಂಕಿಯನ್ನು ನಂಬಬಾರದು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರದ ಪಾಠ.

ಇನ್ನು ಆಟಗಳು ಊರಿಗೆ ಬರುತ್ತಿದ್ದ ಕಾಲ. ಅಮೆರಿಕ, ಯುರೋಪಿನಲ್ಲಿ ದೊಡ್ಡ ಆಟಗಳು, ಹೊಸ ಕಾರ್ಡುಗಳು ಬಹುತೇಕ ಅಕ್ಟೋಬರ್-ನವೆಂಬರಿನಲ್ಲಿ ಬರುತ್ತವೆ. ಕ್ರಿಸ್‌ಮಸ್ ಉಡುಗೊರೆಯ ಪೇಟೆಯೇ ಅವುಗಳ ಗುರಿ. ನಮ್ಮ ಕಡೆ ಆ ಪಂಚಾಂಗ ನಡೆಯುತ್ತಿರಲಿಲ್ಲ. ಇಲ್ಲಿ ಆಟ ತರುತ್ತಿದ್ದವರು ಹಾಸ್ಟೆಲಿನ ಹುಡುಗರು. ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಕೋಣೆಯಿಂದ ಕೋಣೆಗೆ ಕೇಬಲ್ ಎಳೆದು ಆಡಿದವರು ಸೂಟಿಗೆ ಊರಿಗೆ ಬರುವಾಗ ಬಟ್ಟೆಯ ಜತೆ ಸಿಡಿಯ ಪೌಚನ್ನೂ ತರುತ್ತಿದ್ದರು. ಅವು ನಕಲು ಸಿಡಿಗಳು, ಕಾನೂನಿನ ಕಣ್ಣಿಗೆ ಕಳ್ಳಮಾಲು. ಅಸಲು ಸಿಡಿ ಸಿಗುವ ಅಂಗಡಿ ಹತ್ತಿರದಲ್ಲಿ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಅಣ್ಣ ಬಂದನೆಂದರೆ ಓಣಿಗೆಲ್ಲ ಹೊಸ ಆಟ ಬಂದಂತೆ.

2007ರ ಬ್ಯಾಸಗಿ ಸೂಟಿ ಇದಕ್ಕೆ ಒಳ್ಳೆಯ ಉದಾಹರಣೆ. ಇಎ ಕಂಪನಿಯ ‘ಕ್ರಿಕೆಟ್ 07’ ಬಂದದ್ದು 2006ರ ನವೆಂಬರಿನಲ್ಲಿ. ಮಾರ್ಚಿನಲ್ಲಿ ವೆಸ್ಟ್ ಇಂಡೀಸಿನ ವಿಶ್ವಕಪ್ಪಿನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಟಿವಿಯಲ್ಲಿ ಇನ್ನು ನೋಡುವುದೇನೂ ಇರಲಿಲ್ಲ. ಏಪ್ರಿಲಿನಲ್ಲಿ ಸೂಟಿ ಬಿದ್ದಾಗ ಕಂಪ್ಯೂಟರಿನಲ್ಲಿ ಅದೇ ತಂಡವನ್ನು ಇಳಿಸಿ ಬಾಂಗ್ಲಾದೇಶವನ್ನು ದಿನಕ್ಕೆ ನಾಲ್ಕು ಸಲ ಸೋಲಿಸಬಹುದಿತ್ತು. ಇಎ ಆ ಬಳಿಕ ಕ್ರಿಕೆಟ್ ಆಟ ತರಲೇ ಇಲ್ಲ. ಆದರೂ ಅಭಿಮಾನಿಗಳು ಹೊಸ ಆಟಗಾರರ ಹೆಸರು, ಹೊಸ ಅಂಗಿ, ಹೊಸ ಮೈದಾನಗಳ ಪ್ಯಾಚ್ ಮಾಡಿ ಅದನ್ನು ವರ್ಷಗಟ್ಟಲೆ ಜೀವಂತ ಇಟ್ಟರು. ಪ್ಯಾಚ್ ಹಾಕಲು ಯಾವ ಫೋಲ್ಡರಿನಲ್ಲಿ ಯಾವ ಫೈಲನ್ನು ಬದಲಿಸಬೇಕೆಂಬುದು ಗೊತ್ತಿರಬೇಕು. ಅದನ್ನೂ ಯಾವ ಮಾಸ್ತರರೂ ಕಲಿಸಿರಲಿಲ್ಲ.

ಇಷ್ಟಕ್ಕೆಲ್ಲ ಕರೆಂಟ್ ಇರಬೇಕಲ್ಲ. ಬ್ಯಾಸಗಿ ಎಂದರೆ ಲೋಡ್ ಶೆಡ್ಡಿಂಗ್. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ನಿಂತಿತೆಂದರೆ ಕರೆಂಟ್ ಹೋಯಿತೆಂದು ಗಡಿಯಾರ ನೋಡದೆ ಹೇಳಬಹುದಿತ್ತು. ನೇಕಾರನಿಗೆ ಅದು ಕೂಲಿಯ ನಷ್ಟ, ಕೆಫೆಯವನಿಗೆ ಬಾಡಿಗೆಯ ನಷ್ಟ. ಯುಪಿಎಸ್ ಕುಯ್ಯೆನ್ನುವ ಕೆಲವು ನಿಮಿಷಗಳಲ್ಲಿ ಆಟವನ್ನು ಸೇವ್ ಮಾಡಿಕೊಳ್ಳುವ ಗಡಿಬಿಡಿ. ಕರೆಂಟ್ ಬರುವವರೆಗೆ ಕಟ್ಟೆಯ ಮೇಲೆ ಮಾತು. ಮೇಲೆ ಹೇಳಿದ ಹರಟೆಯ ಬಹುಭಾಗ ನಡೆದದ್ದು ಈ ಕತ್ತಲ ಹೊತ್ತಿನಲ್ಲೇ.

ಈ ಪಾಠಶಾಲೆ ಎಲ್ಲರದ್ದಾಗಿರಲಿಲ್ಲ. ಕೆಫೆಯ ಪ್ಲೈವುಡ್ ಗೋಡೆಯ ಹಿಂದೆ ಹೆಣ್ಣುಮಕ್ಕಳು ಕೂತು ಆಡುವುದನ್ನು ಊರು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇದ್ದ ಹುಡುಗಿಯರಿಗೂ ಅಣ್ಣ-ತಮ್ಮಂದಿರ ಸರದಿ ಮುಗಿದ ಮೇಲೆ ಸಾಲಿಟೇರ್ ಅಷ್ಟೇ ಉಳಿಯುತ್ತಿತ್ತು. ರ‍್ಯಾಮ್ ಎಷ್ಟು ಬೇಕೆಂಬ ಮಾತಿನಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಇದೇ ಹರಟೆಯಿಂದ ಕಂಪ್ಯೂಟರ್ ರಿಪೇರಿಯ ಅಂಗಡಿ ತೆರೆದವರು, ಬೆಂಗಳೂರಿನ ಕೆಲಸಕ್ಕೆ ದಾರಿ ಕಂಡುಕೊಂಡವರು ಇದ್ದಾರೆ. ಹಾಗಾದರೆ ಆ ಹರಟೆಯ ಹೊರಗುಳಿದವರ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. 256 ಕೆಬಿಪಿಎಸ್ ವೇಗವನ್ನು ಆಗ ಬ್ರಾಡ್‌ಬ್ಯಾಂಡ್ ಎಂದೇ ಕರೆದರು. ಮುಂದೆ ಬಂದ ಯೋಜನೆಯೊಂದರಲ್ಲಿ ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಇಳಿಸಿಕೊಂಡದ್ದಕ್ಕೆ ಲೆಕ್ಕವಿರಲಿಲ್ಲ. ಆ ವೇಗದಲ್ಲಿ ಒಂದು ಸಿಡಿಯಷ್ಟು, ಅಂದರೆ 700 ಎಂಬಿ, ಇಳಿಯಲು ಸುಮಾರು ಆರು ಗಂಟೆ ಬೇಕು. ರಾತ್ರಿಗೊಂದು ಸಿಡಿ! ಮನೆಗೆ ಇಂಟರ್ನೆಟ್ ಬಂದಂತೆ ಕೆಫೆ ಸೊರಗಿತು. ಕಾನೂನೂ ಬಿಗಿಯಾಯಿತು. ಕರ್ನಾಟಕ 2004ರಲ್ಲೇ ಕೆಫೆಗಳಿಗೆ ನಿಯಮ ತಂದಿತ್ತು. 2011ರ ಕೇಂದ್ರದ ನಿಯಮಗಳು ಇನ್ನಷ್ಟು ಮುಂದೆ ಹೋದವು: ಗುರುತಿನ ಚೀಟಿ ಕಡ್ಡಾಯ, ಚೀಟಿ ಇಲ್ಲದ ಅಪ್ರಾಪ್ತರ ಜತೆ ದೊಡ್ಡವರು ಇರಬೇಕು, ನಡುಗೋಡೆ ನಾಲ್ಕೂವರೆ ಅಡಿ ಮೀರಬಾರದು, ಬಳಸಿದವರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಭದ್ರತೆಗೆ ಇದು ಬೇಕಿತ್ತು ಎನ್ನಬಹುದು. ಆದರೆ ಹದಿಮೂರು ವರ್ಷದ ಹುಡುಗ ಅಪ್ಪನನ್ನು ಕರೆದುಕೊಂಡು ಆಡಲು ಹೋಗುವುದುಂಟೆ? 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಆಟ ಮೊಬೈಲಿಗೆ ಹಾರಿತು. ಉಳಿದ ಕೆಫೆಗಳು ಆಧಾರ್, ಪಹಣಿ, ಅರ್ಜಿ ತುಂಬುವ ಅಂಗಡಿಗಳಾದವು.

ಕಂಪ್ಯೂಟರನ್ನು ಬಿಡದೆ ಉಳಿದವರ ಪಂಚಾಂಗ ಈಗ ಬದಲಾಗಿದೆ. ಆಟ ಮಾರುವ ಸ್ಟೀಮ್ 2015ರ ನವೆಂಬರಿನಿಂದ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿತು. ಡಿಸೆಂಬರ್ ಕೊನೆಯ ಅದರ ರಿಯಾಯಿತಿ ಮಾರಾಟ, ಕ್ರಿಸ್‌ಮಸ್ ಆಚರಿಸದ ಜಮಖಂಡಿಯ ಹುಡುಗನಿಗೂ ಒಂದು ಹಬ್ಬ. ನಕಲು ಸಿಡಿಯಲ್ಲಿ ಬೆಳೆದವರು ಈಗ ಸಂಬಳದ ದುಡ್ಡಿನಲ್ಲಿ ಅದೇ ಹಳೆಯ ಆಟಗಳನ್ನು ಅಸಲಾಗಿ ಕೊಳ್ಳುತ್ತಾರೆ. ಆಟ ಮಾಡುವ ಉದ್ಯೋಗವೂ ರಾಜ್ಯಕ್ಕೆ ಬಂದಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು 2019ರಲ್ಲಿ ಕೊಂಡದ್ದು ವೈಸ್ ಸಿಟಿಯನ್ನು ಹೊರತಂದ ಅದೇ ರಾಕ್‌ಸ್ಟಾರ್.

ಹಾರ್ಡ್‌ವೇರ್ ಮಾತು ಮತ್ತೆ ಮೊದಲಿನ ಜಾಗಕ್ಕೇ ಬಂದಿದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಮೆಮೊರಿ ತಯಾರಕರು ತಮ್ಮ ಉತ್ಪಾದನೆಯನ್ನು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳತ್ತ ತಿರುಗಿಸಿದ್ದು ಇದಕ್ಕೆ ಮುಖ್ಯ ಕಾರಣ. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ‘ಕ್ರೂಶಿಯಲ್’ ಹೆಸರಿನಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರುತ್ತಿದ್ದ ಮೆಮೊರಿ ವ್ಯಾಪಾರವನ್ನು ನಿಲ್ಲಿಸುವುದಾಗಿ ಹೇಳಿತು. “ಈಗಿಂದೀಗ ತಗೋಬ್ಯಾಡೋ, ಇದ್ದದ್ರಾಗ ನಡಸು” ಎಂಬ ಸಲಹೆ ಮತ್ತೆ ಕೇಳಿಬರುತ್ತಿದೆ. ಇದ್ದದ್ದರಲ್ಲಿ ನಡೆಸುವುದನ್ನು ನಮ್ಮ ಕಡೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಆದರೆ ಅದನ್ನು ಕಲಿತ ಕಾಲದ ಗುರುತುಗಳು ಬೇಗ ಅಳಿಯುತ್ತಿವೆ. ಕೆಫೆಯ ರಿಜಿಸ್ಟರಿನಲ್ಲಿ ಹೆಸರು, ಬಂದ ಹೊತ್ತು, ಹೋದ ಹೊತ್ತು ಇರುತ್ತಿದ್ದವು. ಏನು ಆಡಿದರು, ಏನು ಮಾತಾಡಿದರು ಎಂಬುದಿರುತ್ತಿರಲಿಲ್ಲ. ವರ್ಷ ಕಳೆದ ಮೇಲೆ ಆ ರಿಜಿಸ್ಟರೂ ರದ್ದಿಗೆ ಹೋಯಿತು. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಕೊಟೇಶನ್ ಚೀಟಿ, ಗೀರುಬಿದ್ದ ಸಿಡಿ ಪೌಚು ಇದ್ದರೆ ಈ ಸೂಟಿಯಲ್ಲಿ ಎಸೆಯುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಆ ಚೀಟಿಯಲ್ಲಿ ‘ಗ್ರಾಫಿಕ್ಸ್ ಕಾರ್ಡ್’ ಎಂಬ ಸಾಲಿಗೆ ಅಡ್ಡಗೆರೆ ಎಳೆದಿರುವ ಸಂಭವವೇ ಹೆಚ್ಚು.