ಕಾಣದ ಅಣುವಿಗೆ ಆಕಾರ

ಮೀಥೇನ್ ಅಣುವಿನ ಆಕಾರ ಯಾವುದೆಂದು ಕೇಳಿದರೆ ನಮ್ಮ ಪಿ.ಯು.ಸಿ. ವಿದ್ಯಾರ್ಥಿಗಳು 'ಟೆಟ್ರಾಹೆಡ್ರಲ್, 109.5 ಡಿಗ್ರಿ' ಎಂದು ಥಟ್ಟನೆ ಹೇಳುತ್ತಾರೆ. ಅಂಕ ಸಿಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಕಣ್ಣಿಗೆ ಕಾಣದ ಅಣುವಿನ ಆಕಾರ ಮನುಷ್ಯನಿಗೆ ತಿಳಿದದ್ದಾದರೂ ಹೇಗೆ?

19ನೇ ಶತಮಾನದ ರಸಾಯನಶಾಸ್ತ್ರಜ್ಞರು ಅಣುಗಳನ್ನು ಕಾಗದದ ಮೇಲೆ ಚಪ್ಪಟೆಯಾಗಿ ಬರೆಯುತ್ತಿದ್ದರು. ಹುಳಿಯಾದ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಮಾಂಸದಿಂದಲೂ ಅದನ್ನು ಪಡೆಯಬಹುದು. ಬರೆದು ನೋಡಿದರೆ ಎರಡರ ರಚನೆಯೂ ಒಂದೇ, ಆದರೆ ಬೆಳಕಿನ ಮೇಲೆ ಅವುಗಳ ಪರಿಣಾಮ ಬೇರೆ. ಪರಮಾಣುಗಳು ಅವಕಾಶದಲ್ಲಿ ಜೋಡಣೆಗೊಂಡ ಬಗೆಯೇ ಬೇರೆಯಿರಬೇಕೆಂದು 1873ರಲ್ಲಿ ಜರ್ಮನಿಯ ವಿಸ್ಲಿಸೆನಸ್ ಸೂಚಿಸಿದರು.

ಈ ಸುಳಿವನ್ನು ಹಿಡಿದವರು ಹಾಲೆಂಡಿನ ವಾಂಟ್ ಹಾಫ್. 1874ರ ಸೆಪ್ಟೆಂಬರ್‌ನಲ್ಲಿ ಅವರೊಂದು ಕಿರುಪುಸ್ತಿಕೆ ಪ್ರಕಟಿಸಿದಾಗ ವಯಸ್ಸು ಕೇವಲ 22. ಅವರ ವಾದ ಸರಳ. ಮೀಥೇನಿನ ಎರಡು ಹೈಡ್ರೋಜನ್ ತೆಗೆದು ಎರಡು ಕ್ಲೋರಿನ್ ಇಡೋಣ. ಅಣು ಚಪ್ಪಟೆ ಚೌಕವಾಗಿದ್ದರೆ ಕ್ಲೋರಿನ್‌ಗಳು ಪಕ್ಕಪಕ್ಕದಲ್ಲಿರಬಹುದು, ಇಲ್ಲವೇ ಎದುರುಬದುರು. ಅಂದರೆ ಎರಡು ಬಗೆಯ ವಸ್ತು ಸಿಗಬೇಕು. ಸಿಗುವುದು ಒಂದೇ! ನಾಲ್ಕು ಮುಖಗಳ ತ್ರಿಕೋನ ಘನದ ನಡುವೆ ಇಂಗಾಲ, ನಾಲ್ಕು ಮೂಲೆಗಳಲ್ಲಿ ಉಳಿದವು ಎಂದಿಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ನಾಲ್ಕು ಮೂಲೆಗಳಲ್ಲೂ ಬೇರೆಬೇರೆ ಗುಂಪುಗಳಿದ್ದರೆ ಎಡಗೈ ಬಲಗೈಗಳಂತೆ ಎರಡು ರೂಪ. ಲ್ಯಾಕ್ಟಿಕ್ ಆಮ್ಲದ ಒಗಟೂ ಬಿಡಿಸಿತು. ಅದೇ ವರ್ಷ ಫ್ರಾನ್ಸಿನ ಲೆ ಬೆಲ್ ಸ್ವತಂತ್ರವಾಗಿ ಇಂಥದೇ ವಿಚಾರ ಮಂಡಿಸಿದರು.

ವಾಂಟ್ ಹಾಫ್ ರಟ್ಟಿನ ಮಾದರಿಗಳನ್ನು ಮಾಡಿ ವಿದ್ವಾಂಸರಿಗೆ ಕಳಿಸಿದರು. ಸಿಕ್ಕಿದ್ದು ಹೊಗಳಿಕೆ ಮಾತ್ರವಲ್ಲ. ಪುಸ್ತಿಕೆ ವಿಸ್ಲಿಸೆನಸ್ ಅವರ ಮುನ್ನುಡಿಯೊಂದಿಗೆ ಜರ್ಮನ್ ಭಾಷೆಗೆ ಬಂದಾಗ, ಲೈಪ್‌ಜಿಗ್‌ನ ಹಿರಿಯ ಪ್ರಾಧ್ಯಾಪಕ ಕೋಲ್ಬೆ 1877ರಲ್ಲಿ ತಮ್ಮ ಪತ್ರಿಕೆಯಲ್ಲೇ ಹರಿಹಾಯ್ದರು. ಪಶುವೈದ್ಯ ಶಾಲೆಯ ಈ ಮೇಷ್ಟ್ರಿಗೆ ಪ್ರಯೋಗದ ಗೊಡವೆ ಬೇಡ, ಕಲ್ಪನೆಯ ರೆಕ್ಕೆಕುದುರೆ ಏರಿದ್ದಾರೆಂದು ಹೀಯಾಳಿಸಿದರು. ಕೋಲ್ಬೆ ಸಾಮಾನ್ಯರಲ್ಲ, ಅಸೆಟಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದ ಘಟಾನುಘಟಿ. ಆದರೂ ವಾದಕ್ಕೆ ಉತ್ತರ ಕೊಡದೆ ಮನುಷ್ಯನ ನೌಕರಿಯನ್ನು ಹಂಗಿಸಿದ್ದು ಅವರ ಘನತೆಗೆ ತಕ್ಕುದಾಗಿರಲಿಲ್ಲ. 1884ರಲ್ಲಿ ಅವರು ತೀರಿಕೊಂಡ ಮೇಲೆ ಆ ಪೀಠಕ್ಕೆ ಬಂದವರು ಅದೇ ವಿಸ್ಲಿಸೆನಸ್! 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ವಾಂಟ್ ಹಾಫ್‌ರಿಗೆ ಸಂದಿತು, ಅದೂ ಬೇರೆ ಸಂಶೋಧನೆಗಾಗಿ. 1913ರಲ್ಲಿ ಬ್ರ್ಯಾಗ್ ತಂದೆ-ಮಗ ಕ್ಷ-ಕಿರಣದಿಂದ ವಜ್ರವನ್ನು ಪರೀಕ್ಷಿಸಿದಾಗ ಪ್ರತಿ ಇಂಗಾಲದ ಸುತ್ತಲೂ ಅದೇ ನಾಲ್ಕು ಮೂಲೆಗಳು ಕಂಡವು.

ಹಾಗಾದರೆ ನೀರು ಏಕೆ ಬಾಗಿದೆ? ಇದಕ್ಕೆ ದಾರಿ ತೋರಿದವರು 1940ರಲ್ಲಿ ಸಿಜ್ವಿಕ್ ಮತ್ತು ಪೊವೆಲ್. 1957ರಲ್ಲಿ ಲಂಡನ್ನಿನ ಗಿಲೆಸ್ಪಿ ಮತ್ತು ನೈಹೋಮ್ ಅದನ್ನು ಬೆಳೆಸಿದರು. ಎಲೆಕ್ಟ್ರಾನ್ ಜೋಡಿಗಳು ಒಂದರಿಂದೊಂದು ಆದಷ್ಟು ದೂರ ನಿಲ್ಲುತ್ತವೆ. ಆಮ್ಲಜನಕದ ಸುತ್ತ ನಾಲ್ಕು ಜೋಡಿಗಳಿದ್ದು, ಎರಡು ಬಂಧದಲ್ಲಿಲ್ಲ. ಇವು ಹೆಚ್ಚು ಜಾಗ ಬೇಡುವುದರಿಂದ ಕೋನ 104.5 ಡಿಗ್ರಿಗೆ ಕುಗ್ಗುತ್ತದೆ. ಒಂದೇ ಜೋಡಿ ಬಿಡಿಯಾಗಿರುವ ಅಮೋನಿಯಾದಲ್ಲಿ ಅದು ಸುಮಾರು 107. ನೀರಿನ ಅಣು ನೇರ ಗೆರೆಯಂತಿದ್ದಿದ್ದರೆ ಅದರ ಎರಡು ಬದಿಯ ವಿದ್ಯುತ್ ಸೆಳೆತ ಒಂದಕ್ಕೊಂದು ವಜಾ ಆಗುತ್ತಿತ್ತು. ನಮ್ಮ ಸಾರಿನಲ್ಲಿ ಉಪ್ಪು ಈಗಿನಂತೆ ಕರಗುತ್ತಿರಲಿಲ್ಲ.